ಪ್ರಾಧ್ಯಾಪಕರ ಎಂಜಿನ್ನೂ ನಮ್ಮ ನೆಲದ ಪ್ರಶ್ನೆಯೂ

ಯಂತ್ರಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಎಂಜಿನ್ನು ಟರ್ಬೈನುಗಳ ಸಂಶೋಧನದಲ್ಲಿ ತಮ್ಮ ಆಯುಷ್ಯವನ್ನೆಲ್ಲ ಕಳೆದರೆಂದು ಕೇಳಿದಾಗ, ಅದು ಬೆಂಗಳೂರಿನವರಿಗೋ ಪರದೇಶದವರಿಗೋ ಸೇರಿದ ಸಂಗತಿಯೆಂದು ಬಗೆದು ಪುಟ ತಿರುವಿಬಿಡುವ ವಾಡಿಕೆ ನಮ್ಮ ಊರುಗಳ ಗೃಹಸ್ಥರಲ್ಲಿ ಇರುವದುಂಟು. ಈ ಉದಾಸೀನತೆಯಿಂದ ಆಗುತ್ತಿರುವ ನಷ್ಟವನ್ನು ವಾಚಕರ ಲಕ್ಷ್ಯಕ್ಕೆ ತರುವದೇ ಇಂದಿನ ಲೇಖನದ ಉದ್ದೇಶವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು 1997ರ ಆಗಸ್ಟಿನಲ್ಲಿ ರಾಯಚೂರಿನಿಂದ ಬೇರೆಯಾಗಿ ಒಂದು ಜಿಲ್ಲೆಯೆನಿಸಿದವು. ಇವುಗಳ ಒಡಲಿನಿಂದಲೇ ಮುಂದೆ ಕುಕನೂರು, ಕನಕಗಿರಿ, ಕಾರಟಗಿ ತಾಲೂಕುಗಳು ಹುಟ್ಟಿದವು. ಈ ನೆಲದಲ್ಲಿ ಇಂದು ತಿರುಗುವ ಚಕ್ರಗಳಲ್ಲಿ ಯಾವನಾದರೊಬ್ಬ ಪ್ರಾಧ್ಯಾಪಕನ ಅಳತೆಗೆ ಋಣಿಯಾಗಿರದ ಚಕ್ರವು ದೊರೆಯುವದು ಕಷ್ಟವೇ ಸರಿ.

ತುಂಗಭದ್ರೆಯ ನೀರು ಮುನಿರಾಬಾದಿನ ವಿದ್ಯುದಾಗಾರದಲ್ಲಿ ಟರ್ಬೈನುಗಳನ್ನು ತಿರುಗಿಸಿ ಎಡದಂಡೆಯ ಕಾಲುವೆಗೆ ಇಳಿಯುತ್ತದೆ. ಆ ಕಾಲುವೆಯ ನೀರಿನಿಂದ ಬೆಳೆದ ಭತ್ತವು ಗಂಗಾವತಿ, ಕಾರಟಗಿಗಳ ಗಿರಣಿಗಳಿಗೆ ಬರುತ್ತದೆ. ಅದೇ ಭತ್ತದ ಹೊಟ್ಟು ಅಲ್ಲಿಯ ಬಾಯ್ಲರುಗಳ ಒಲೆಯಲ್ಲಿ ಉರಿಯುತ್ತದೆ. ಕಾಲುವೆ ಮುಟ್ಟದ ಕುಷ್ಟಗಿ ಯಲಬುರ್ಗಾಗಳ ಎತ್ತರದ ಭೂಮಿಯಲ್ಲಿ ಗಾಳಿಯ ಟರ್ಬೈನುಗಳು ನಿಂತಿವೆ. ಅವುಗಳ ಬುಡದಲ್ಲಿಯೇ ರೈತನು ಕೊಳವೆಬಾವಿಯ ತಳದಿಂದ ಪಂಪಿನ ಮೂಲಕ ನೀರನ್ನು ಮೇಲೆತ್ತುತ್ತಿದ್ದಾನೆ. ನೀರು, ಉರಿ, ಗಾಳಿ, ಎಣ್ಣೆ, ಈ ನಾಲ್ಕೂ ನಮ್ಮಲ್ಲಿ ದುಡಿಯುತ್ತಿವೆ. ಆದರೆ ಅವು ಎಷ್ಟು ದುಡಿಯುತ್ತವೆ, ಎಷ್ಟು ಪೋಲಾಗುತ್ತವೆ ಎಂಬ ಲೆಕ್ಕವನ್ನು ಇಡುವ ಪದ್ಧತಿಯು ಮಾತ್ರ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಈ ಲೆಕ್ಕದಿಂದ ಏನಾಗುವದೆಂಬದನ್ನು ತಿಳಿಯಬೇಕಾದರೆ ಡೀಸೆಲ್ ಎಂಜಿನ್ನಿನ ಜನ್ಮವೃತ್ತಾಂತವನ್ನು ಸ್ವಲ್ಪ ನೋಡಬೇಕು. ಜರ್ಮನಿಯ ಮ್ಯೂನಿಕ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಾಧ್ಯಾಪಕರು ಒಂದು ದಿನ ಪಾಠ ಹೇಳುತ್ತ, ಉಗಿಯಂತ್ರವು ಕಲ್ಲಿದ್ದಲಿನ ಉಷ್ಣದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆ, ಉಳಿದುದೆಲ್ಲ ವ್ಯರ್ಥವಾಗುತ್ತದೆ ಎಂದು ತೋರಿಸಿಕೊಟ್ಟರು. ಈ ಮಾತು ರುಡಾಲ್ಫ್ ಡೀಸೆಲ್ ಎಂಬ ವಿದ್ಯಾರ್ಥಿಯ ಮನಸ್ಸಿನಲ್ಲಿ ಮುಳ್ಳಿನಂತೆ ನಟ್ಟಿತು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಕಾದ ಆ ಗಾಳಿಯಲ್ಲಿ ಎಣ್ಣೆಯನ್ನು ಚಿಮುಕಿಸಿದರೆ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಉಷ್ಣದ ಹೆಚ್ಚಿನ ಪಾಲು ಕೆಲಸಕ್ಕೆ ಬರುತ್ತದೆ ಎಂಬದು ಆತನ ಎಣಿಕೆ. ಅನೇಕ ವರ್ಷಗಳ ಸೋಲಿನ ತರುವಾಯ 1897ರ ಫೆಬ್ರುವರಿ 17ರಂದು ಆಗ್ಸ್‌ಬರ್ಗ್ ಪಟ್ಟಣದಲ್ಲಿ ಅವನ ಎಂಜಿನ್ನನ್ನು ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರರು ಪರೀಕ್ಷಿಸಿದರು. ನೂರಕ್ಕೆ 26.2 ಪಾಲು ಉಷ್ಣವು ಕೆಲಸವಾಗಿ ಬಂದಿತೆಂದು ಅವರ ಅಳತೆ ಸಿದ್ಧಮಾಡಿತು. ಒಬ್ಬ ಪ್ರಾಧ್ಯಾಪಕನ ಪಾಠದಿಂದ ಹುಟ್ಟಿದ ಯಂತ್ರಕ್ಕೆ ಮತ್ತೊಬ್ಬ ಪ್ರಾಧ್ಯಾಪಕನ ತಕ್ಕಡಿಯು ಸಾಕ್ಷಿಯಾಯಿತು.

ಇದರ ಮುಂದಿನ ಸಂಗತಿ ನಮ್ಮ ರೈತರಿಗೆ ಇನ್ನೂ ಸಮೀಪದ್ದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಕಲ್ಲೆಣ್ಣೆ ಇಲ್ಲದ ನಾಡುಗಳು ತಮ್ಮ ಹೊಲದ ಎಣ್ಣೆಯಿಂದಲೇ ತಮ್ಮ ಯಂತ್ರಗಳನ್ನು ನಡೆಯಿಸಿಕೊಳ್ಳುವ ದಿನ ಬಂದೀತೆಂದು ಡೀಸೆಲ್ ತಾನೇ ಮುಂದೆ ಹೇಳಿದನು. ಯಲಬುರ್ಗಾ ಕುಷ್ಟಗಿಗಳ ಮಸಾರಿ ಭೂಮಿಯಲ್ಲಿ ಶೇಂಗಾ ಬಿತ್ತುವ ಒಕ್ಕಲಿಗನಿಗೆ, ತನ್ನ ಟ್ರ್ಯಾಕ್ಟರಿನ ಎಂಜಿನ್ನಿನ ವಂಶವು ಎಳವೆಯಲ್ಲಿ ಶೇಂಗಾ ಎಣ್ಣೆಯನ್ನು ಉಂಡಿತ್ತೆಂದರೆ ಆಶ್ಚರ್ಯವಾಗದೆ ಇರಲಾರದು. ಆದರೂ ಉಣ್ಣುವ ಎಣ್ಣೆಯನ್ನು ಯಂತ್ರಕ್ಕೆ ಸುರಿಯಬೇಕೆಂದು ನಾವು ಹೇಳುವದಿಲ್ಲ. ಮನೆಯ ಒಗ್ಗರಣೆಗೇ ಸಾಲದುದನ್ನು ಎಂಜಿನ್ನಿಗೆ ಹಾಕುವದು ಜಾಣತನವಲ್ಲ. ಹಾಗಾದರೆ ಉಣ್ಣಲಾಗದ ಎಣ್ಣೆಯ ಗತಿಯೇನು?

ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿಯೇ ಎತ್ತಿಕೊಂಡವರುಂಟು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನ್ನುಗಳ ಅಭ್ಯಾಸವು ಹಿಂದಿನಿಂದಲೂ ನಡೆದು ಬಂದಿದೆ. ಅಲ್ಲಿಯ ಪ್ರಾಧ್ಯಾಪಕ ಹೇವ್‌ಮನ್ನರೂ ಅವರ ಸಹೋದ್ಯೋಗಿಗಳೂ ಡೀಸೆಲ್ ಎಂಜಿನ್ನಿನಲ್ಲಿ ಮದ್ಯಸಾರವನ್ನು ಉರಿಸುವ ಕುರಿತು 1954ರಷ್ಟು ಹಿಂದೆಯೇ ಲೇಖನಗಳನ್ನು ಪ್ರಕಟಿಸಿದರು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಅದೇ ಸಂಸ್ಥೆಯ ಯಂತ್ರಶಾಸ್ತ್ರ ವಿಭಾಗದ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸರು ಹೊಂಗೆಯ ಎಣ್ಣೆಯ ಮೇಲೆ ಕಣ್ಣಿಟ್ಟರು. ನಮ್ಮ ಕಡೆ ಹುಲಗಲವೆಂದು ಕರೆಯುವ ಗಿಡವೇ ಈ ಹೊಂಗೆ. ನೀರು ಕೇಳದೆ ಬದುವಿನಲ್ಲಿಯೂ ಹಳ್ಳದ ದಂಡೆಯಲ್ಲಿಯೂ ಬೆಳೆಯುವದು. ದನಗಳು ಅದನ್ನು ಅಷ್ಟಾಗಿ ಮೇಯುವದಿಲ್ಲ. ಎಣ್ಣೆ ತೆಗೆದ ಹಿಂಡಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಸೀಮೆಎಣ್ಣೆ ಬರುವದಕ್ಕಿಂತ ಮೊದಲು ನಮ್ಮ ಹಿರಿಯರು ಇದೇ ಎಣ್ಣೆಯಿಂದ ದೀಪ ಹಚ್ಚುತ್ತಿದ್ದರು. ಬಯಲುಸೀಮೆಯ ಕಗ್ಗನಹಳ್ಳಿಯಲ್ಲಿ ಈ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ, ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರನ್ನೆತ್ತಿ ಒಣಭೂಮಿಗೆ ಹರಿಸಿ ತೋರಿಸಿದುದು ಶ್ರೀನಿವಾಸರ ಯೋಜನೆಯ ವಿಶೇಷವು.

ಈ ಕೆಲಸವು ಎಣ್ಣೆಯನ್ನು ಟಾಕಿಗೆ ಸುರಿದಷ್ಟು ಸುಲಭವಲ್ಲ. ಹೊಂಗೆಯ ಎಣ್ಣೆ ಡೀಸೆಲ್ಲಿಗಿಂತ ಹಲವು ಪಟ್ಟು ದಪ್ಪಾಗಿ ಹರಿಯುತ್ತದೆ. ಎಂಜಿನ್ನಿನ ನೋಜಲ್ಲು ಎಣ್ಣೆಯನ್ನು ಮಂಜಿನಂತೆ ಚಿಮ್ಮಬೇಕು. ದಪ್ಪ ಎಣ್ಣೆಯು ಹನಿಹನಿಯಾಗಿ ಬಿದ್ದು ಪೂರ್ಣ ಉರಿಯದೆ ನೋಜಲ್ಲಿನ ತುದಿಗೆ ಮಸಿಕಟ್ಟುತ್ತದೆ, ಪಿಸ್ಟನ್ನಿನ ಉಂಗುರಗಳಿಗೆ ಅಂಟಾಗುತ್ತದೆ. ಎಣ್ಣೆಯನ್ನು ಮೊದಲು ಕಾಸಿಕೊಂಡರೆ ಅದು ತೆಳ್ಳಗಾಗುವದು. ಮಿಥೈಲ್ ಮದ್ಯಸಾರವನ್ನೂ ಕ್ಷಾರವನ್ನೂ ಕೂಡಿಸಿ ಸಂಸ್ಕರಿಸಿದರೆ ಗ್ಲಿಸರಿನ್ ತಳಕ್ಕಿಳಿದು, ಡೀಸೆಲ್ಲಿನಂತೆ ಹರಿಯುವ ಜೈವಿಕ ಇಂಧನವು ಮೇಲೆ ನಿಲ್ಲುವದು. ಈ ಎರಡು ಹಾದಿಗಳಲ್ಲಿ ಯಾವದು ಯಾವ ಎಂಜಿನ್ನಿಗೆ ಹೊಂದುವದು, ಎಷ್ಟು ತಾಸು ಓಡಿದ ಮೇಲೆ ನೋಜಲ್ಲು ಬಿಚ್ಚಿ ತೊಳೆಯಬೇಕು, ಎಷ್ಟು ಎಣ್ಣೆಗೆ ಎಷ್ಟು ಕೆಲಸ ಬರುವದು ಎಂಬ ವಿಷಯಗಳು ತರ್ಕದಿಂದ ತಿಳಿಯತಕ್ಕವಲ್ಲ, ಪರೀಕ್ಷೆಯಿಂದಲೇ ತಿಳಿಯತಕ್ಕವು.

ಈ ಹೊಂಗೆಯ ಆಸೆಯು ನಾಡಿನ ತುಂಬ ಫಲಿಸಲಿಲ್ಲವೆಂಬದನ್ನು ಮುಚ್ಚಿಡುವದು ಸರಿಯಲ್ಲ. ಕರ್ನಾಟಕ ಸರಕಾರವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ಸಾರಿತು; ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಸೊಗಸಾದ ಹೆಸರುಗಳಿಂದ ಗಿಡ ನೆಡುವ ಯೋಜನೆಗಳೂ ನಡೆದವು. ಆದರೆ ಗಿಡವು ಫಲಕ್ಕೆ ಬರಲು ಹಲವು ವರ್ಷ ಬೇಕು. ಬೀಜವನ್ನು ಆರಿಸುವ ಕೂಲಿ ಹುಟ್ಟಬೇಕು. ಹಳ್ಳಿಯ ಸಮೀಪದಲ್ಲಿ ಗಾಣವಿರಬೇಕು. ಗಾಣದ ಎಣ್ಣೆಯನ್ನು ನಂಬಿ ಕೊಳ್ಳುವ ಎಂಜಿನ್ನಿನ ಒಡೆಯನಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಪ್ರಾಧ್ಯಾಪಕರ ಪರಿಶ್ರಮವು ಹೊಲಕ್ಕೆ ಮುಟ್ಟುವದಿಲ್ಲ.

ಇನ್ನು ಗಂಗಾವತಿಯ ಹೊಟ್ಟಿನ ವಿಚಾರ. ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟು. ಹೊಟ್ಟು ಸುಟ್ಟರೆ ಅದರಲ್ಲಿ ಮತ್ತೆ ಐದರಲ್ಲೊಂದು ಪಾಲು ಬೂದಿ. ಒಂದು ಕಿಲೋ ಹೊಟ್ಟಿನಲ್ಲಿ ಸುಮಾರು ಮೂರೂವರೆ ಯೂನಿಟ್ಟಿನಷ್ಟು ಉಷ್ಣವಿದೆ. ಅದರ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸಿದರೂ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ ದೊರೆತೀತು. ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಚ್. ಎಸ್. ಮುಕುಂದರೂ ಅವರ ಬಳಗದವರೂ ಕಟ್ಟಿಗೆಯನ್ನು ಸಾಲದ ಗಾಳಿಯಲ್ಲಿ ಉರಿಸಿ ಅದರಿಂದ ಹೊರಡುವ ಉರಿಯುವ ಅನಿಲವನ್ನು ತೊಳೆದು ಎಂಜಿನ್ನಿಗೆ ಕೊಡುವ ಉಪಕರಣವನ್ನು ಬೆಳೆಸಿದರು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಇಂಥ ಉಪಕರಣದಿಂದ ಬೆಳಕು ಬಂದಿತು. ಕಟ್ಟಿಗೆಗೆ ಒಪ್ಪಿದ ಉಪಕರಣವು ಹೊಟ್ಟಿಗೆ ಹಾಗೆಯೇ ಒಪ್ಪುವದಿಲ್ಲ. ಹೊಟ್ಟಿನ ಬೂದಿಯ ಹೆಚ್ಚಿನ ಪಾಲು ಸಿಲಿಕಾ, ಎಂದರೆ ಉಸುಕಿನ ಸತ್ವವೇ. ಉರಿ ಮಿತಿಮೀರಿದರೆ ಅದು ಬೆಸೆದು ಗಟ್ಟಿಯಾಗಿ ಒಲೆಯ ದಾರಿಯನ್ನೇ ಕಟ್ಟುವದು. ಆದುದರಿಂದ ಹೊಟ್ಟಿಗೆಂದೇ ಬೇರೆ ರೀತಿಯ ರಚನೆ ಬೇಕಾಗುತ್ತದೆ. ಭತ್ತ ಬೆಳೆಯದ ಊರಿನ ಪ್ರಯೋಗಶಾಲೆಗೆ ಈ ತೊಂದರೆಯ ಕಾವು ತಟ್ಟುವದು ಹೇಗೆ? ಗಂಗಾವತಿಯು ಕೇಳದಿದ್ದರೆ ಈ ಪ್ರಶ್ನೆಯನ್ನು ಮತ್ತಾರು ಕೇಳಬೇಕು?

ಟರ್ಬೈನಿನ ಕಥೆಯೂ ಇದೇ ನೀತಿಯನ್ನು ಹೇಳುತ್ತದೆ. ಒಂದು ಸೆಕೆಂಡಿಗೆ ಒಂದು ಘನಮೀಟರು ನೀರು ಒಂದು ಮೀಟರು ಕೆಳಗೆ ಬಿದ್ದರೆ ಅದರಲ್ಲಿ 9.8 ಕಿಲೋವ್ಯಾಟ್ ಶಕ್ತಿಯುಂಟು. ಜೋಗದಂಥ ಕಡೆ ನೀರು ಕಡಿಮೆ, ಎತ್ತರ ಹೆಚ್ಚು. ಕಾಲುವೆಯ ತಲೆಯಲ್ಲಿ ನೀರು ಹೆಚ್ಚು, ಎತ್ತರ ಕಡಿಮೆ. ಅಲ್ಪ ಎತ್ತರದ ಹೇರಳ ನೀರನ್ನು ದುಡಿಸುವ ಚಕ್ರವಾವದು? ಇಂದಿನ ಚೆಕ್ ದೇಶದ ಬ್ರನೋ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ವಿಕ್ಟರ್ ಕಪ್ಲಾನ್ ಈ ಪ್ರಶ್ನೆಯನ್ನು ಹಿಡಿದು ಕುಳಿತರು. ಅವರ ಪ್ರಯೋಗಶಾಲೆ ಇದ್ದುದು ವಿದ್ಯಾಲಯದ ನೆಲಮಾಳಿಗೆಯಲ್ಲಿ. ಅಲ್ಲಿಯೇ ಸಣ್ಣ ಸಣ್ಣ ಮಾದರಿಗಳನ್ನು ತಿರುಗಿಸಿ ನೋಡಿ, ನೀರಿನ ಪ್ರಮಾಣಕ್ಕೆ ತಕ್ಕಂತೆ ರೆಕ್ಕೆಗಳನ್ನು ಹೊರಳಿಸಿಕೊಳ್ಳುವ ಟರ್ಬೈನನ್ನು 1913ರ ಸುಮಾರಿಗೆ ರೂಪಿಸಿದರು. ಪಾತಳಿ ಏರಿಳಿಯುವ ನದಿಗಳ ಮೇಲೆ ಇಂದು ಜಗತ್ತಿನಾದ್ಯಂತ ಅವರ ಹೆಸರಿನ ಟರ್ಬೈನುಗಳು ತಿರುಗುತ್ತಿವೆ.

ಕಪ್ಲಾನರಿಗೆ ಅಡ್ಡಬಂದ ತೊಂದರೆಯೊಂದನ್ನು ಇಲ್ಲಿ ಹೇಳಬೇಕು. ರೆಕ್ಕೆಯ ಹಿಂಬದಿಯಲ್ಲಿ ನೀರಿನ ಒತ್ತಡವು ತೀರ ಇಳಿದಾಗ ನೀರು ತಣ್ಣಗಿದ್ದರೂ ಕುದಿದಂತಾಗಿ ಗುಳ್ಳೆಗಳೇಳುತ್ತವೆ. ಆ ಗುಳ್ಳೆಗಳು ಮುಂದೆ ಸಾಗಿ ಒತ್ತಡವಿರುವಲ್ಲಿ ಒಡೆದಾಗ ಸಣ್ಣ ಸುತ್ತಿಗೆಯ ಪೆಟ್ಟುಗಳಂತೆ ಲೋಹವನ್ನು ತಿಂದುಬಿಡುತ್ತವೆ. ಇದರ ಜೊತೆಗೆ ನೀರಿನಲ್ಲಿ ಹೂಳಿದ್ದರೆ ಸವೆತವು ಇನ್ನೂ ಹೆಚ್ಚುವದು. ತುಂಗಭದ್ರಾ ಜಲಾಶಯವು 1953ರಲ್ಲಿ ನೀರು ಕೊಡತೊಡಗಿದಾಗ ಅದರ ಹೊಟ್ಟೆಯಲ್ಲಿ 133 ಟಿ.ಎಂ.ಸಿ. ಹಿಡಿಯುವಷ್ಟು ಎಡೆಯಿತ್ತು; ಈಗ ಲೆಕ್ಕಕ್ಕೆ ಸಿಗುವದು ಸುಮಾರು 106 ಟಿ.ಎಂ.ಸಿ. ಮಾತ್ರ. ಉಳಿದುದು ಹೂಳಿನ ಪಾಲಾಗಿದೆ. ರೈತರು ಈ ಹೂಳನ್ನು ನೀರಿನ ನಷ್ಟವೆಂದು ಎಣಿಸುತ್ತಾರೆ; ಅದು ಯಥಾರ್ಥವು. ಹೂಳು ಬೆರೆತ ನೀರಿನಲ್ಲಿ ಯಾವ ಲೋಹವು ಎಷ್ಟು ಕಾಲ ಬಾಳುವದೆಂಬದು ಮಾತ್ರ ಎಂಜಿನಿಯರುಗಳು ಬಿಡಿಸಬೇಕಾದ ಕಗ್ಗಂಟು. 1960ರ ದಶಕದಿಂದ ದುಡಿಯುತ್ತಿರುವ 28 ಮೆಗಾವ್ಯಾಟಿನ ಮುನಿರಾಬಾದ ವಿದ್ಯುದಾಗಾರವು ಈ ಅಭ್ಯಾಸಕ್ಕೆ ಮನೆಯ ಬಾಗಿಲಲ್ಲಿರುವ ಪಾಠಶಾಲೆಯಂತಿದೆ.

ಗಾಳಿಯ ಟರ್ಬೈನಿಗೂ ಒಂದು ಧರ್ಮಸೂತ್ರವುಂಟು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟು ಮಡಿಯಾಗುವದು. ಆ ಶಕ್ತಿಯನ್ನು 27 ಪಾಲು ಮಾಡಿದರೆ ಎಂಥ ಕುಶಲಿಯು ಮಾಡಿದ ಚಕ್ರವಾದರೂ 16 ಪಾಲಿಗಿಂತ ಹೆಚ್ಚನ್ನು ಹಿಡಿಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ 1920ರ ಸುಮಾರಿಗೆ ಸಾಧಿಸಿದರು. ಗಾಳಿಯನ್ನು ಪೂರ್ತಿಯಾಗಿ ನಿಲ್ಲಿಸಿದರೆ ಹಿಂದಿನ ಗಾಳಿಗೆ ದಾರಿಯೇ ಉಳಿಯುವದಿಲ್ಲ ಎಂಬದೇ ಇದರ ಒಳಗುಟ್ಟು. ಕುಷ್ಟಗಿಯ ಗಾಳಿಯು ಊರಿನ ಜನರ ಕಣ್ಣೆದುರಿಗೇ ವಿದ್ಯುತ್ತಾಗುತ್ತಿದೆ; ಆದರೆ ಆ ಚಕ್ರಗಳ ಬುಡದ ಹಳ್ಳಿಯ ಹುಡುಗನಿಗೆ ಈ ಸೂತ್ರವನ್ನು ಕನ್ನಡದಲ್ಲಿ ತಿಳಿಸಿ ಹೇಳುವವರು ಎಷ್ಟು ಮಂದಿ?

ಟರ್ಬೈನನ್ನು ಹಿಂದುಮುಂದಾಗಿ ತಿರುಗಿಸಿದರೆ ಪಂಪು. ನಮ್ಮ ನಾಲ್ಕು ತಾಲೂಕುಗಳಲ್ಲಿ ಟರ್ಬೈನುಶಾಸ್ತ್ರದ ಅತಿ ದೊಡ್ಡ ಉಪಯೋಗವು ವಿದ್ಯುದಾಗಾರದಲ್ಲಿಲ್ಲ, ಅದು ಕೊಳವೆಬಾವಿಯೊಳಗಿದೆ. ಒಂದು ಲಕ್ಷ ಲೀಟರು ನೀರನ್ನು 100 ಮೀಟರು ಆಳದಿಂದ ಎತ್ತಲು ಪ್ರಕೃತಿಯ ನಿಯಮದಂತೆ ಬೇಕಾಗುವ ಶಕ್ತಿ ಸುಮಾರು 27 ಯೂನಿಟ್. ಮೋಟಾರು ಪಂಪುಗಳು ಕೂಡಿ ಅರ್ಧವನ್ನು ನುಂಗಿ ಅರ್ಧವನ್ನು ಕೊಟ್ಟರೆ 54 ಯೂನಿಟ್ ಬೇಕು. ಮುಕ್ಕಾಲು ನುಂಗಿ ಕಾಲು ಕೊಟ್ಟರೆ 109 ಯೂನಿಟ್ ಬೇಕು. ನೀರು ಅಷ್ಟೇ, ಹೊಲವೂ ಅಷ್ಟೇ, ಖರ್ಚು ಮಾತ್ರ ಇಮ್ಮಡಿ. ಪ್ರತಿಯೊಂದು ಪಂಪಿಗೂ ತನಗೆ ಒಪ್ಪುವ ಆಳವೂ ಪ್ರಮಾಣವೂ ಇರುತ್ತವೆ. ಹತ್ತು ವರ್ಷದ ಹಿಂದೆ 60 ಮೀಟರಿನಲ್ಲಿದ್ದ ನೀರು 120 ಮೀಟರಿಗೆ ಇಳಿದರೆ ಹಳೆಯ ಪಂಪು ಏದುಸಿರು ಬಿಡುತ್ತದೆ. ಅಂದಾಜಿನಿಂದ ತಂದ ದೊಡ್ಡ ಪಂಪು ಬಾವಿಯನ್ನು ಒಣಗಿಸಿ ಮೋಟಾರನ್ನೂ ಸುಡುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಸರಕಾರವು ಉಚಿತವಾಗಿ ವಿದ್ಯುತ್ತು ಕೊಡುತ್ತಿರುವ ಕಾರಣ ಈ ನಷ್ಟವು ರೈತನ ಕೈಯಲ್ಲಿ ಬಿಲ್ಲಾಗಿ ಬರುವದಿಲ್ಲ. ಬಿಲ್ಲು ಬರದ ನಷ್ಟವನ್ನು ಅಳೆಯುವ ಗೊಡವೆ ಯಾರಿಗೆ? ಆದರೆ ಆ ಹಣವು ನಾಡಿನ ಬೊಕ್ಕಸದಿಂದಲೇ ಹೋಗುತ್ತದೆ. ಸುಟ್ಟ ಮೋಟಾರನ್ನು ಸುತ್ತಿಸುವ ಹಣವಂತೂ ರೈತನ ಕಿಸೆಯಿಂದಲೇ ಹೋಗುತ್ತದೆ.

ಇಷ್ಟರಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಕೊಪ್ಪಳದ ಸಮೀಪದ ಬೇವಿನಹಳ್ಳಿಯ ಕಿರ್ಲೋಸ್ಕರ ಫೆರಸ್ ಕಾರಖಾನೆಯಲ್ಲಿ ಎಂಜಿನ್ನುಗಳ ಸಿಲಿಂಡರ್ ಬ್ಲಾಕುಗಳನ್ನು ಎರಕ ಹೊಯ್ಯುತ್ತಾರೆ. ಎಂಜಿನ್ನಿನ ಎಲುಬು ನಮ್ಮ ಜಿಲ್ಲೆಯಲ್ಲಿ ಹುಟ್ಟುತ್ತದೆ; ಕಬ್ಬಿಣವೂ ಬೆವರೂ ಇಲ್ಲಿಯವು. ಆದರೆ ಎಂಜಿನ್ನಿನ ವಿಚಾರ ಮಾಡುವ ಪೀಠ ಇಲ್ಲಿಲ್ಲ. ದೇಹವನ್ನು ತಾನು ಮಾಡಿ ಬುದ್ಧಿಯನ್ನು ಪರರಿಂದ ಕೊಂಡು ತರುವವನ ಸ್ಥಿತಿ ಏನಾಗುವದೆಂಬದನ್ನು ದೇಶದ ಅನುಭವವೇ ತೋರಿಸಿದೆ. ಯುದ್ಧವಿಮಾನಕ್ಕಾಗಿ ‘ಕಾವೇರಿ’ ಎಂಬ ಸ್ವದೇಶಿ ಎಂಜಿನ್ನನ್ನು ಮಾಡುವ ಕೆಲಸಕ್ಕೆ 1989ರಲ್ಲಿ ಬೆಂಗಳೂರಿನಲ್ಲಿ ಮಂಜೂರಾತಿ ದೊರೆಯಿತು. 2008ರಲ್ಲಿ ಅದನ್ನು ತೇಜಸ್ ವಿಮಾನದ ಯೋಜನೆಯಿಂದ ಬೇರ್ಪಡಿಸಲಾಯಿತು. ವಿಮಾನವು ನಮ್ಮದು, ಅದನ್ನು ಹಾರಿಸುವ ಎಂಜಿನ್ನು ಅಮೇರಿಕೆಯದು. ಕುದಿಯುವ ಅನಿಲದ ನಡುವೆ, ಲೋಹವು ಕರಗುವ ಉಷ್ಣವನ್ನು ಮೀರಿದ ಕಾವಿನಲ್ಲಿ ತಿರುಗಬೇಕಾದ ರೆಕ್ಕೆಯನ್ನು ಮಾಡುವ ವಿದ್ಯೆಯು ಹಣ ಕೊಟ್ಟ ಮಾತ್ರಕ್ಕೆ ಪೇಟೆಯಲ್ಲಿ ದೊರೆಯುವದಿಲ್ಲ. ಅದು ತಲೆಮಾರುಗಳ ತಾಳ್ಮೆಯಿಂದ ಬರುವಂಥಾದ್ದು. ಅಂಥ ತಾಳ್ಮೆಯ ಮೊದಲ ಮೆಟ್ಟಿಲು ಸಣ್ಣ ಊರಿನ ಸಣ್ಣ ಪ್ರಯೋಗಶಾಲೆಯೇ.

ಸಂಶೋಧನವೆಂದರೆ ಕೋಟಿಗಟ್ಟಲೆ ಹಣದ ಮಾತು, ಅದು ನಮಗೆ ಎಟುಕುವದಲ್ಲ ಎಂದು ಕೆಲವರು ಅನ್ನಬಹುದು. ಈ ಆಕ್ಷೇಪವು ಅರ್ಧ ಸತ್ಯವು. ವಿಮಾನದ ಎಂಜಿನ್ನಿಗೆ ಕೋಟಿಗಳೇ ಬೇಕು. ಆದರೆ ಪಂಪಿನ ಪರೀಕ್ಷೆಗೆ ಬೇಕಾಗುವದು ನೀರಿನ ಹರಿವನ್ನು ಅಳೆಯುವ ಒಂದು ಉಪಕರಣ, ಒಂದು ಒತ್ತಡದ ಮಾಪಕ, ಒಂದು ವಿದ್ಯುನ್ಮಾಪಕ. ಎಂಜಿನ್ನಿನ ಪರೀಕ್ಷೆಗೆ ಬೇಕಾಗುವದು ಅದರ ಬಲವನ್ನು ಹಿಡಿದು ನೋಡುವ ಒಂದು ಡೈನಮೋಮೀಟರು, ಎಣ್ಣೆ ತೂಗುವ ಒಂದು ತಕ್ಕಡಿ, ಒಂದು ಗಡಿಯಾರ. ಕಪ್ಲಾನರ ನೆಲಮಾಳಿಗೆಯನ್ನು ನೆನೆದರೆ ನಮ್ಮ ಕಾಲೇಜುಗಳ ಕಟ್ಟಡಗಳು ಅರಮನೆಗಳೇ ಸರಿ. ನಮ್ಮ ಜಿಲ್ಲೆಯ ತಳಕಲ್ಲಿನಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಪಾಲಿಟೆಕ್ನಿಕ್ಕುಗಳೂ ಇವೆ. ಪ್ರತಿ ವರ್ಷ ವಿದ್ಯಾರ್ಥಿಗಳು ತಮ್ಮ ಪದವಿಗಾಗಿ ಯಾವದಾದರೊಂದು ವಿಷಯದ ಮೇಲೆ ಪ್ರಬಂಧ ಬರೆಯಲೇಬೇಕು. ಆ ವಿಷಯವು ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಹಾಳೆಗಳಿಂದ ಬರುವದರ ಬದಲು ಯಲಬುರ್ಗಾದ ಹತ್ತು ಕೊಳವೆಬಾವಿಗಳಿಂದ ಬರಲಿ. ಕಾರಟಗಿಯ ಗಿರಣಿಯ ಒಲೆಯಿಂದ ಬರಲಿ. ಹೆಸರೂರು ದಾಟಿದ ಎರೆಹೊಲದ ದೂಳಿನಲ್ಲಿ ಬೇಗ ಸವೆಯುವ ಟ್ರ್ಯಾಕ್ಟರಿನಿಂದ ಬರಲಿ.

ಈ ಕಾರ್ಯವು ಒಬ್ಬರಿಂದ ಆಗತಕ್ಕದ್ದಲ್ಲ. ಅಧಿಕಾರಿಗಳು ಪರೀಕ್ಷಾಶಾಲೆಗೆ ಎಡೆಯನ್ನೂ ಅಲ್ಪ ವಾರ್ಷಿಕ ವೇತನವನ್ನೂ ಒದಗಿಸಬೇಕು. ಗಿರಣಿಯ ಮಾಲೀಕರು ಹೊಟ್ಟಿನ ಲೆಕ್ಕವನ್ನು ಮರೆಮಾಚದೆ ಕೊಡಬೇಕು. ಕಾರಖಾನೆಯವರು ತಮ್ಮ ಅನುಭವಿ ಕೆಲಸಗಾರರನ್ನು ವರ್ಷಕ್ಕೆ ಕೆಲವು ದಿನ ಕಾಲೇಜಿಗೆ ಕಳಿಸಬೇಕು. ಪ್ರಾಧ್ಯಾಪಕರು ಹಳ್ಳಿಯ ಮೆಕ್ಯಾನಿಕನನ್ನು ಕೀಳೆಂದೆಣಿಸದೆ ಅವನ ಬಳಿ ಕುಳಿತು ಕೇಳಬೇಕು. ನೂರು ಎಂಜಿನ್ನು ಬಿಚ್ಚಿದವನ ಕೈಗೆ ತಿಳಿದುದು ಗ್ರಂಥದಲ್ಲಿ ಯಾವಾಗಲೂ ಇರುವದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಪರೀಕ್ಷೆಯ ಫಲವು ಕನ್ನಡದಲ್ಲಿ, ರೈತನೂ ಮೆಕ್ಯಾನಿಕನೂ ಓದಿ ತಿಳಿಯುವಂತೆ ಅಚ್ಚಾಗಬೇಕು. ಪರಭಾಷೆಯ ಮಾಸಿಕದಲ್ಲಿ ಬಂದ ಲೇಖನವು ಪ್ರಾಧ್ಯಾಪಕರಿಗೆ ಕೀರ್ತಿಯನ್ನು ತಂದೀತು. ಬಾವಿಯ ಮೋಟಾರನ್ನು ಸುಡದಂತೆ ಕಾಯಲಾರದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋದ ಸಂಗತಿಯನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ತುಂಬಿದ ಜಲಾಶಯದ ನೀರು ನದಿಗೆ ಹರಿದುಹೋಗುವದನ್ನು ನಾಲ್ಕು ತಾಲೂಕುಗಳ ಜನರು ಎದೆ ಹಿಡಿದುಕೊಂಡು ನೋಡಿದರು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಬಾಗಿಲನ್ನು ಇಳಿಸಿ ಒಂದು ವಾರದಲ್ಲಿ ನೀರನ್ನು ತಡೆದವರು ಯಂತ್ರವನ್ನು ಬಲ್ಲ ಎಂಜಿನಿಯರುಗಳೂ ಜೀವದ ಹಂಗು ತೊರೆದ ಕೆಲಸಗಾರರೂ. ಆ ದಿನಗಳಲ್ಲಿ ನಮಗೆಲ್ಲರಿಗೂ ಒಂದು ಕೊಂಡಿಯ ಬೆಲೆ ತಿಳಿಯಿತು. ಆಪತ್ತು ಬಂದಾಗ ಬಲ್ಲವರನ್ನು ಹುಡುಕುವದು ಒಳ್ಳೆಯದೇ; ಆಪತ್ತು ಬರುವ ಮೊದಲೇ ಬಲ್ಲವರನ್ನು ನಮ್ಮ ನೆಲದಲ್ಲಿ ಬೆಳೆಸುವದು ಅದಕ್ಕಿಂತ ಒಳ್ಳೆಯದು.

ವಿದ್ಯೆಗೆ ಗಡಿಯಿಲ್ಲ, ಡೀಸೆಲ್, ಕಪ್ಲಾನ್ ಮೊದಲಾದವರು ಕಂಡ ನಿಯಮಗಳು ಕುಷ್ಟಗಿಯಲ್ಲಿಯೂ ಅವೇ. ಆದರೆ ಪ್ರಶ್ನೆಗೆ ಊರು ಉಂಟು. ಹುಲಗಲದ ಎಣ್ಣೆ, ಭತ್ತದ ಹೊಟ್ಟು, ತುಂಗಭದ್ರೆಯ ಹೂಳು, ಇಳಿಯುತ್ತಿರುವ ಬಾವಿಯ ನೀರು, ಇವು ನಮ್ಮ ಪ್ರಶ್ನೆಗಳು. ಇವುಗಳಿಗೆ ಉತ್ತರವನ್ನು ಪರರು ಕಳಿಸಿಕೊಟ್ಟಾರೆಂದು ಕಾಯುತ್ತ ಕುಳಿತರೆ ಕಾಯುವದೇ ನಮ್ಮ ಪಾಲಿಗೆ ಉಳಿಯುವದು. ನಾಲ್ಕು ತಾಲೂಕುಗಳ ಮಹಾಜನರೂ ಅಧಿಕಾರಿವರ್ಗದವರೂ ಈ ವರ್ಷವೇ ಒಂದು ಪಂಪನ್ನು ತಕ್ಕಡಿಗೆ ಹಚ್ಚಿ ಈ ಕಾರ್ಯಕ್ಕೆ ನಾಂದಿ ಹಾಡಲಿ ಎಂದು ನಾವು ಬಿನ್ನವಿಸಿಕೊಳ್ಳುತ್ತೇವೆ.